ಅರ್ಧವೋ, ಹತ್ತೋ?

ಜಮೀನ್ದಾರರ ಹೊಸ ಪಾರುಪತ್ಯಗಾರ ಶೇಷಪ್ಪಯ್ಯ ಪೇಟೆಯವನು. ಕುಂಬಾರನ ಮಡಕೆ ಸುಡುವ ಆವಿಗೆ ಬೆಂದು ತಣ್ಣಗಾಗುವ ಹೊತ್ತಿಗೆ ಸರಿಯಾಗಿ ಬಂದು ನಿಂತ.

"ಕೆರೆ ನಮ್ಮದು, ಮಣ್ಣೂ ನಮ್ಮದು. ಮಡಕೆಯಲ್ಲಿ ಅರ್ಧ ನಮಗೆ ಬರಬೇಕು."

ಆ ಮಡಕೆಗಳನ್ನು ಕೊಟ್ಟೇ ಕುಂಬಾರ ಮಳೆಗಾಲಕ್ಕೆ ರಾಗಿ ತರಬೇಕಿತ್ತು. ಆದರೂ ಕೈ ಮುಗಿದ. "ಆಗಲಿ ಬುದ್ಧಿ."

ಶೇಷಪ್ಪಯ್ಯ ಆವಿಗೆಯ ಮೇಲಿನ ಬೂದಿಯನ್ನು ಬೆತ್ತದಿಂದ ಕೆದಕಿದ. ಬರೀ ಒಡಕು ಚೂರುಗಳು.

"ಏನೋ ಇದು, ಎಲ್ಲಾ ಒಡೆದುಹೋಗಿದೆ!"

"ಮೇಲಿನವು ಒಡೆದಿವೆ ಬುದ್ಧಿ. ಒಳಗಿನದು ತೆಗೆದಮೇಲೆ ತಿಳಿಯಬೇಕು. ಅರ್ಧ ಅಂದರೆ ಒಡಕಿನಲ್ಲೂ ಅರ್ಧ. ಅದು ಬೇಡವೆಂದರೆ, ಒಳಗೆ ಏನೇ ಆಗಿರಲಿ, ಹತ್ತು ಗಟ್ಟಿ ಮಡಕೆ ನಿಮ್ಮ ಮನೆಗೆ ತಂದು ಇಳಿಸುತ್ತೇನೆ. ಈಗಲೇ ಹೇಳಿಬಿಡಿ."

ಜಮೀನ್ದಾರರ ಮುಂದೆ ಒಂದು ಗಾಡಿ ಒಡಕು ಸುರಿಯುವುದನ್ನು ಶೇಷಪ್ಪಯ್ಯ ನೆನೆದುಕೊಂಡ.

"ಹತ್ತೇ ಕೊಡು."

ಕುಂಬಾರ ಆವಿಗೆ ಬಿಚ್ಚಿದ. ಒಂದೊಂದು ಮಡಕೆಯೂ ತಟ್ಟಿದರೆ ಠಣ್ ಎನ್ನುತ್ತಿತ್ತು.

"ಮತ್ತೆ ಈ ಚೂರುಗಳು?"

"ಹೊದಿಕೆ ಬುದ್ಧಿ. ಕಾವು ಹೊರಗೆ ಹೋಗದಿರಲಿ ಅಂತ ಪ್ರತಿ ಸಲ ಮುಚ್ಚುತ್ತೇವೆ. ನಮ್ಮಜ್ಜನ ಕಾಲದವು."

ಶೇಷಪ್ಪಯ್ಯನ ಮುಖ ಮಡಕೆಗಿಂತ ಕೆಂಪಾಯಿತು. "ಮುಂದಿನ ಸಲ ಅರ್ಧವೇ! ತಿಳಿಯಿತೇನೋ?"

"ಆಗಲಿ ಬುದ್ಧಿ. ಗಾಳಿ ತಿರುಗಿದರೆ ಮಾತ್ರ ಬೆಂಕಿ ಏನು ಮಾಡುತ್ತದೋ, ನನಗೂ ಗೊತ್ತಿಲ್ಲ."

ಹೊರಟವನು ನಿಂತ. ಆಕಾಶ ನೋಡಿದ. ಚೂರುಗಳನ್ನು ನೋಡಿದ.

"ಹತ್ತೇ ಇರಲಿ," ಎಂದು ಗೊಣಗಿಕೊಂಡು ನಡೆದ.