ಬೆರಳಿಗೆ ಎಟುಕದ ಕೀ

ಬೀಜ ಸಂಗ್ರಹಾಲಯದ ಪ್ರಮೋದಿನಿಯವರು ಮೌಸ್ ಮುಟ್ಟದೆ, ಬರೀ ಕೀಬೋರ್ಡಿನಲ್ಲೇ ಇಮೇಲ್ ನೋಡುವವರು. ಎಸ್ ಕೀ ಒತ್ತಿದರೆ ಪತ್ರ ಕಡತ ಸೇರುತ್ತಿತ್ತು, ಅದರ ಪಕ್ಕದ ಡಿ ಒತ್ತಿದರೆ ಮರಳಿ ಸಿಗದಂತೆ ಅಳಿಸಿಹೋಗುತ್ತಿತ್ತು. ಮೇಲ್ತುದಿಯ ಸಾಲಿನ ಎಫ್‌ನೈನ್ ಕೀಗೆ ಮಾತ್ರ ಯಾವ ಕೆಲಸವೂ ಇರಲಿಲ್ಲ.

“ಬೆರಳಿಗೆ ಎಟುಕದ ನಿನಗೆ ಯಾರು ಕೆಲಸ ಕೊಡುತ್ತಾರೆ? ನನ್ನನ್ನು ನೋಡು, ಸೋಕಿದರೆ ಸಾಕು, ಪತ್ರ ಮಾಯ,” ಎಂದು ಡಿ ಬೀಗಿತು.

“ಸೋಕಿದರೆ ಸಾಕು ಅನ್ನುವುದೇ ನನಗೆ ಭಯ,” ಎಂದಿತು ಎಫ್‌ನೈನ್.

ಅಂದೇ ಎಸ್ ಒತ್ತಲು ಹೋದ ಬೆರಳು ಜಾರಿ ಡಿ ಮೇಲೆ ಬಿತ್ತು. ಕಣ್ಮರೆಯಾಗಿದ್ದ ಭತ್ತದ ತಳಿಯೊಂದು ತನ್ನ ಹತ್ತಿರ ಇದೆ ಎಂದು ರೈತನೊಬ್ಬ ಬರೆದಿದ್ದ ಪತ್ರ, ವಿಳಾಸದ ಸಮೇತ ಹೋಯಿತು. ಪ್ರಮೋದಿನಿ ತಮ್ಮನ್ನೇ ಬೈದುಕೊಂಡು ಸೆಟ್ಟಿಂಗ್ಸ್ ತೆರೆದರು. ಅಳಿಸುವ ಕೆಲಸ ಎಫ್‌ನೈನ್‌ಗೆ ಹೋಯಿತು. ಒಮ್ಮೆ ಒತ್ತಿದರೆ ಪತ್ರವನ್ನು ಕಡತಕ್ಕೆ ಸೇರಿಸಿ ಮುಂದಿನದನ್ನು ತೆರೆಯುವ ಕೆಲಸ ಡಿ ಪಾಲಿಗೆ ಬಂತು.

ಉತ್ತರ ಕಾಣದ ರೈತ ಮತ್ತೆ ಬರೆದ. ಬೆರಳು ಮತ್ತೆ ಜಾರಿತು. ಈ ಸಲ ಪತ್ರ ಉಳಿಯಿತು, ತಳಿಯೂ ಉಳಿಯಿತು.

“ನನ್ನ ಅಧಿಕಾರ ನಿನಗೆ ಸಿಕ್ಕಿ ಏನು ಬಂತು? ಅಷ್ಟು ದೂರ ಕೈಚಾಚಿ ಯಾರು ಒತ್ತುತ್ತಾರೆ?” ಎಂದು ಡಿ ಗೊಣಗಿತು.

ಎಫ್‌ನೈನ್ ಎದೆಯುಬ್ಬಿಸಿ ಹೇಳಿತು: “ಯೋಚಿಸಿದವರು ಒತ್ತುತ್ತಾರೆ.”