ಮಿಂಚುಗಾಲನ ಮೊದಲ ಹಾಳೆ

"ಬುದ್ಧೀ, ಕಾಮಿಕ್ಸ್ ಪುಸ್ತಕಗಳಲ್ಲಿ ಬರುತ್ತಾರಲ್ಲ, ಅವರಲ್ಲಿ ಯಾರಾದರೂ ಒಬ್ಬರ ಇಡೀ ಬದುಕನ್ನು ನಾವು ಬದುಕಬಹುದು ಎಂದಾದರೆ, ಯಾರದನ್ನು ಆರಿಸಿಕೊಳ್ಳಬೇಕು?"

ಮರುಳಸಿದ್ಧ ಹೀಗೆ ಕೇಳಿದಾಗ ಮಠದ ಜಗಲಿಯ ಮೇಲೆ ಕುಳಿತಿದ್ದ ಉಳಿದ ಶಿಷ್ಯರು ಗೊಳ್ಳೆಂದು ನಕ್ಕರು. ವಚನದ ಪಾಠ ನಡೆಯುವ ಹೊತ್ತಿನಲ್ಲಿ ಇದೆಂಥ ಪ್ರಶ್ನೆ! ಗುರುಗಳು ಮಾತ್ರ ನಗಲಿಲ್ಲ. ಮರುಳಸಿದ್ಧನ ತಾಯಿ ತೀರಿಕೊಂಡು ಒಂದು ತಿಂಗಳಾಗಿತ್ತು. ತಾಯಿಗೆ ಕಾಯಿಲೆ ಜೋರಾಗಿದೆ ಎಂದು ಊರಿನಿಂದ ಫೋನು ಬಂದಾಗ ಅವನು ಪೂಜೆಗೆ ಕುಳಿತಿದ್ದ. ಪೂಜೆ ಮುಗಿಸಿಯೇ ಹೊರಟ. ಅವನು ಮನೆ ಮುಟ್ಟುವಷ್ಟರಲ್ಲಿ ಆಕೆ ಕಣ್ಣು ಮುಚ್ಚಿದ್ದಳು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಮಠದ ಶಾಲೆಯ ಬೀರುವಿನಲ್ಲಿದ್ದ ಹಳೇ ಕಾಮಿಕ್ಸ್ ಪುಸ್ತಕಗಳನ್ನು ತಂದು ಓದುತ್ತಾ ಕೂರುತ್ತಿದ್ದ.

"ನಿನಗೆ ಯಾರ ಬದುಕು ಬೇಕು?" ಎಂದರು ಗುರುಗಳು.

"ಯಾವತ್ತೂ ತಡವಾಗಿ ಹೋಗದವನದು, ಬುದ್ಧೀ."

ಗುರುಗಳು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟು ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಕ್ಷೌರಿಕನಿದ್ದ. ಹೆಂಡತಿ ಹೆರಿಗೆಯಲ್ಲೇ ಹೋಗಿದ್ದಳು. ಉಳಿದದ್ದು ಒಬ್ಬಳು ಮಗಳು. ಆ ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಗಿರಾಕಿಗಳ ಗಡ್ಡ ಹೆರೆದ ಪುಣ್ಯಾತ್ಮ ಅವನು. ಅವಳಿಗೆ ಹಲ್ಲು ಬಂದದ್ದು ಅಂಗಡಿಯಲ್ಲಿ. ನಡೆಯಲು ಕಲಿತದ್ದು ಗಿರಾಕಿಯ ಕುರ್ಚಿ ಹಿಡಿದುಕೊಂಡು. ಅಕ್ಷರ ಕಲಿತದ್ದು ಕಾಯುವವರ ಹೊತ್ತು ಹೋಗಲೆಂದು ಅವನು ಇಟ್ಟಿದ್ದ ಕಾಮಿಕ್ಸ್ ಪುಸ್ತಕಗಳಿಂದ. ಮೂಲೆಯಲ್ಲೊಂದು ಸ್ಟೂಲು ಅವಳದೇ ಆಗಿತ್ತು. ಶಾಲೆ ಬಿಟ್ಟರೆ ಸಾಕು, ಅದರ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದಳು. ಗಿರಾಕಿಗಳು ಬೇಡ ಎನ್ನುವ ಹಾಗಿರಲಿಲ್ಲ. ಬಾಯಿ ತೆರೆದರೆ ಸೋಪು ಒಳಗೆ ಹೋಗುತ್ತದೆ, ಪಾಪ!

ಆ ಪುಸ್ತಕಗಳಲ್ಲಿ ಮಿಂಚುಗಾಲ ಎಂಬ ಒಬ್ಬ ಬರುತ್ತಿದ್ದ. ಹಸಿರು ಮುಸುಕು, ಕೆಂಪು ನಡುಪಟ್ಟಿ. ಎಲ್ಲೇ ಒಂದು ಮಗು ಕೂಗಿಕೊಳ್ಳಲಿ, ಆ ಕೂಗು ಮುಗಿಯುವ ಮೊದಲೇ ಅವನು ಅಲ್ಲಿರುತ್ತಿದ್ದ. ಹೊಳೆಯೋ, ಬೆಂಕಿಯೋ, ಕುಸಿಯುವ ಗೋಡೆಯೋ, ಏನೇ ಆದರೂ ಮಗುವನ್ನು ಎತ್ತಿ ತಾಯಿಯ ಕೈಗೆ ಕೊಟ್ಟು ಮಾಯವಾಗುತ್ತಿದ್ದ. ಹುಡುಗಿಗೆ ಅವನೆಂದರೆ ಪ್ರಾಣ.

ಕ್ಷೌರದ ಕತ್ತಿಯ ನೊರೆ ಒರೆಸಲು ಕಾಗದ ಬೇಕು, ನಿಮಗೆ ಗೊತ್ತಲ್ಲ. ಹಳೇ ಪತ್ರಿಕೆ ಮುಗಿದ ದಿನ ಕ್ಷೌರಿಕ ಈ ಪುಸ್ತಕಗಳಿಗೇ ಕೈ ಹಾಕುತ್ತಿದ್ದ. ಒಂದರ ಮೊದಲ ಹಾಳೆ ಹರಿಯುತ್ತಿದ್ದ, ಇನ್ನೊಂದರ ಕೊನೆಯ ಹಾಳೆ ಹರಿಯುತ್ತಿದ್ದ. ನಡುವಿನ ಹಾಳೆಗಳನ್ನು ಮುಟ್ಟುತ್ತಿರಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದ. ಒಂದು ದಿನ ಹೊಸದಾಗಿ ತಂದಿದ್ದ ಮಿಂಚುಗಾಲನ ಪುಸ್ತಕಕ್ಕೂ ಕೈ ಬಂತು.

"ಅಪ್ಪಾ, ಅದರ ಮೊದಲನೇ ಹಾಳೆ ಹರೀಬೇಡ. ನಾನಿನ್ನೂ ಓದಿಲ್ಲ" ಎಂದಳು ಮಗಳು.

"ಮೊದಲನೇ ಹಾಳೇಲಿ ಏನಿರುತ್ತೆ ನನ್ನವ್ವಾ? ಸಾಹಸವೆಲ್ಲ ನಡುವೆ ಇರೋದು."

"ಹಾಗಾದ್ರೆ ಮಿಂಚುಗಾಲ ಯಾಕೆ ಯಾವಾಗಲೂ ಓಡ್ತಾನೆ, ಹೇಳು ನೋಡೋಣ?"

"ಕಾಲಿದೆ, ಓಡ್ತಾನೆ" ಎಂದು ಅವನು ಅವಳ ಮೂಗಿನ ತುದಿಗೆ ಒಂದಿಷ್ಟು ನೊರೆ ಹಚ್ಚಿದ. ಹಾಳೆ ಹರಿದು ಕತ್ತಿ ಒರೆಸಿ ಬುಟ್ಟಿಗೆ ಹಾಕಿದ. ಮರುದಿನ, ಅವಳು ಅಲ್ಲಿಯವರೆಗೆ ಓದುವ ಮೊದಲೇ, ಕೊನೆಯ ಹಾಳೆಯೂ ಹಾಗೆಯೇ ಹೋಯಿತು. ಅವಳು ಎರಡು ದಿನ ಮುನಿಸಿಕೊಂಡಿದ್ದು ಮೂರನೆಯ ದಿನ ಮತ್ತೆ ಅವನ ತೊಡೆ ಏರಿದಳು.

ಅವಳಿಗೆ ಏಳು ವರ್ಷ. ಒಂದು ಸೋಮವಾರ ಬೆಳಿಗ್ಗೆ ಮದುವೆಗೆ ಹೊರಟಿದ್ದ ಒಬ್ಬ ವರ್ತಕ ಗಡ್ಡಕ್ಕೆ ಬಂದು ಕುಳಿತಿದ್ದ. ಒಂದು ಕೆನ್ನೆ ಆಗಿತ್ತು, ಇನ್ನೊಂದರ ಮೇಲೆ ನೊರೆ ಇತ್ತು. ಹೂ ಮಾರುವವಳೊಬ್ಬಳು ಓಡಿಬಂದು, "ಅಯ್ಯೋ, ನಿನ್ನ ಮಗಳು ಕೆರೆ ಮೆಟ್ಟಿಲಲ್ಲಿ ಜಾರಿದ್ಲು, ಬೇಗ ಬಾರಪ್ಪಾ" ಎಂದಳು. ಅರ್ಧ ಮುಖ ಬಿಟ್ಟು ಕ್ಷೌರಿಕ ಕದಲಬಾರದು, ಬಿಟ್ಟರೆ ಕುಳಿತವನಿಗೆ ಕೇಡು. ಅವನ ಅಪ್ಪ ಅವನ ಕೈಗೆ ಕತ್ತಿ ಕೊಟ್ಟ ದಿನ ಹೇಳಿದ ಮೊದಲ ಮಾತೇ ಅದು. ಮದುವೆಗೆ ಹೊರಟವನು ಬೇರೆ. ಮಗಳಿಗೆ ಮೊಣಕಾಲು ತರಚಿರಬೇಕು ಅಂದುಕೊಂಡ. "ಬಂದೆ, ಇದೊಂದು ಕೆನ್ನೆ ಮುಗಿಸಿ ಬಂದೆ" ಎಂದ.

ಕೆರೆಯ ಬಳಿ ಇದ್ದವರಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ಅವನಿಗೆ ಬರುತ್ತಿತ್ತು. ಅವನು ಹೋಗುವ ಹೊತ್ತಿಗೆ ಆಚೆ ದಡದಿಂದ ಒಬ್ಬ ದನಗಾಹಿ ಬಂದು ಅವಳನ್ನು ಎತ್ತಿ ಮೆಟ್ಟಿಲ ಮೇಲೆ ಮಲಗಿಸಿದ್ದ. ಮೈ ಇನ್ನೂ ಬೆಚ್ಚಗಿತ್ತು. ಗುಂಪಿನಲ್ಲಿ ಯಾರೋ ಒಬ್ಬರು, ಒಂದು ಗಳಿಗೆ ಮುಂಚೆ ಬಂದಿದ್ದರೆ ಉಳಿಯುತ್ತಿದ್ದಳೇನೋ ಎಂದರು. ಜನ ಇಂಥ ಮಾತನ್ನು ಯಾಕೆ ಆಡುತ್ತಾರೋ ನನಗಂತೂ ತಿಳಿಯದು! ಆಡಿದವರು ಮನೆಗೆ ಹೋಗಿ ಉಣ್ಣುತ್ತಾರೆ. ಕೇಳಿಸಿಕೊಂಡವನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

ಆಮೇಲೆ ಅಂಗಡಿ ತೆರೆದ. ತೆರೆಯದೆ ಮನೆಯಲ್ಲಿ ಕುಳಿತು ಏನು ಮಾಡಿಯಾನು? ಗಿರಾಕಿಗಳು ಬಂದರು, ಹೋದರು. ಮೂಲೆಯ ಸ್ಟೂಲಿನ ಮೇಲೆ ಯಾರನ್ನೂ ಕೂರಲು ಬಿಡಲಿಲ್ಲ. ಅವಳು ಕೊನೆಯ ಸಲ ಓದಿ ಮಗುಚಿಟ್ಟಿದ್ದ ಪುಸ್ತಕ ಅದರ ಮೇಲೇ ಇತ್ತು.

ಒಂದು ಮಂಗಳವಾರ ಒಬ್ಬ ಬೈರಾಗಿ ಬಂದ. ಮಂಗಳವಾರ ಯಾವ ಕ್ಷೌರಿಕನೂ ಕತ್ತಿ ಹಿಡಿಯುವುದಿಲ್ಲ. ಇವನಿಗೆ ವಾರದ ಗೊಡವೆಯೇ ಹೋಗಿತ್ತು, ಅಂಗಡಿ ತೆರೆದು ಕುಳಿತಿದ್ದ. ಬೈರಾಗಿ ಕುರ್ಚಿಯಲ್ಲಿ ಕುಳಿತು ಗಡ್ಡ ತೋರಿಸಿದ. ಒಂದು ಕೆನ್ನೆ ಮುಗಿಯುತ್ತಲೇ ಕೈ ಅಡ್ಡ ಹಿಡಿದು ಎದ್ದ.

"ಅರ್ಧ ಮುಖ ಬಿಡಬಾರದು ಸ್ವಾಮೀ" ಎಂದು ಕ್ಷೌರಿಕ ಗಾಬರಿಯಾದ.

"ಒಂದು ಸಲ ಬಿಡಬೇಕಾಗಿತ್ತು, ಅಲ್ಲವೇನಪ್ಪಾ?" ಎಂದ ಬೈರಾಗಿ.

ಮಗಳನ್ನು ಮಣ್ಣು ಮಾಡಿದ ದಿನವೂ ಅಳದಿದ್ದವನು ಬೈರಾಗಿಯ ಕಾಲು ಹಿಡಿದು ಅತ್ತ. ಅಳು ತಗ್ಗಿದ ಮೇಲೆ ಬೈರಾಗಿ ಹೇಳಿದ: "ಸತ್ತವರನ್ನು ತಂದುಕೊಡುವುದು ನನ್ನ ಕೈಯಲ್ಲಿಲ್ಲ. ಒಂದು ಬದುಕನ್ನು ಕೊಡಬಲ್ಲೆ. ಯಾರದು ಬೇಕಾದರೂ ಕೇಳು. ಇದ್ದವರದು, ಇರುವವರದು, ಬರೀ ಕತೆಯಲ್ಲಿರುವವರದು, ಯಾರದಾದರೂ ಸರಿ. ಆದರೆ ಇಡಿಯಾಗಿ ತೆಗೆದುಕೊಳ್ಳಬೇಕು. ಮೊದಲಿನಿಂದ ಕೊನೆಯವರೆಗೆ ಬದುಕಬೇಕು. ಒಂದು ಗಳಿಗೆಯನ್ನೂ ಬಿಡುವಂತಿಲ್ಲ, ಒಂದು ಮಾತನ್ನೂ ಬದಲಿಸುವಂತಿಲ್ಲ."

"ಈ ನನ್ನ ದರಿದ್ರ ಬದುಕೊಂದನ್ನು ಬಿಟ್ಟು ಯಾವುದಾದರೂ ಕೊಡಿ ಸ್ವಾಮೀ" ಎಂದ ಕ್ಷೌರಿಕ. "ಯೋಚನೆ ಮಾಡಿ ಹೇಳು" ಎಂದ ಬೈರಾಗಿ. ಯೋಚನೆ ಮಾಡಲು ಏನಿತ್ತು? ಕ್ಷೌರಿಕ ಎದ್ದುಹೋಗಿ ಸ್ಟೂಲಿನ ಮೇಲಿದ್ದ ಪುಸ್ತಕ ತಂದು ಅವನ ಕೈಯಲ್ಲಿಟ್ಟ. ಕೂಗು ಮುಗಿಯುವ ಮೊದಲೇ ಹೋಗಿ ನಿಲ್ಲುವವನ ಬದುಕು ಬೇಕು ಎಂದ.

ಬೈರಾಗಿ ಪುಸ್ತಕ ತೆರೆದ. ಅದು ಮೂರನೆಯ ಪುಟದಿಂದ ಶುರುವಾಗಿತ್ತು. "ಇದಕ್ಕೆ ಮೊದಲನೇ ಹಾಳೆ ಇಲ್ಲವಲ್ಲ" ಎಂದ.

"ಮೊದಲನೇ ಹಾಳೇಲಿ ಏನಿರುತ್ತೆ ಸ್ವಾಮೀ" ಎಂದ ಕ್ಷೌರಿಕ.

ಆಯಿತು, ಕೊಟ್ಟ. ನೆನಪೊಂದು ಕ್ಷೌರಿಕನದೇ ಉಳಿಯಿತು, ಮಿಕ್ಕದ್ದೆಲ್ಲ ಮಿಂಚುಗಾಲನದಾಯಿತು.

ಕಣ್ಣು ತೆರೆದಾಗ ಅವನ ಮುಖಕ್ಕೆ ಮುಸುಕಿರಲಿಲ್ಲ, ಹೆಗಲ ಮೇಲೆ ಅಂಚೆಯ ಚೀಲವಿತ್ತು. ಮಿಂಚುಗಾಲ ಮೊದಲು ಒಬ್ಬ ಸಾಮಾನ್ಯ ಅಂಚೆಯವನಾಗಿದ್ದ. ಮತ್ತೆ ನೋಡುತ್ತಾನೆ, ಎದುರಿಗೆ ಒಬ್ಬಳು ಪುಟ್ಟ ಮಗಳು! ಮುಖ ಬೇರೆ, ಆದರೆ ಕಣ್ಣಿನ ತುಂಟತನ ಅದೇ. ಆ ಹಾಳೆಯ ಮೊದಲನೆಯ ಚಿತ್ರದಲ್ಲಿ ಅವಳು ಅವನ ಅಂಗಿಯ ಗುಂಡಿ ಹಾಕಿದಳು. ಎರಡನೆಯದರಲ್ಲಿ ಒಂದು ತುಂಡು ಬೆಲ್ಲವನ್ನು ಅವನ ಬಾಯಿಗಿಟ್ಟಳು. ಮೂರನೆಯದರಲ್ಲಿ ಬಾಗಿಲಲ್ಲಿ ನಿಂತು, "ಅಪ್ಪಾ, ಬೇಗ ಬಾ" ಎಂದು ಕೈ ಬೀಸಿದಳು. ಅಬ್ಬಾ, ಆ ಮೂರು ಚಿತ್ರಗಳಲ್ಲಿ ಅವನಿಗಾದ ಸಂತೋಷವನ್ನು ನಾನು ಹೇಳಲಾರೆ.

ನಾಲ್ಕನೆಯ ಚಿತ್ರದಲ್ಲಿ ಅವನು ಯಾವುದೋ ಬೀದಿಯಲ್ಲಿದ್ದ. ಒಬ್ಬ ಓಡಿಬಂದು, ನಿನ್ನ ಮನೆಯ ಕಡೆ ಹೊಗೆ ಕಾಣುತ್ತಿದೆ ಎಂದ. ಕ್ಷೌರಿಕನಿಗೆ ಎಲ್ಲ ತಿಳಿದುಹೋಯಿತು. ಚೀಲ ಬಿಸಾಡಿ ಓಡಬೇಕೆಂದುಕೊಂಡ, ಕಾಲು ಏಳಲಿಲ್ಲ. "ಈಗಲೇ ಬಂದೆ" ಎಂದು ಕೂಗಬೇಕೆಂದು ಬಾಯಿ ತೆರೆದ. ಆದರೆ ಪುಸ್ತಕದಲ್ಲಿ ಬರೆದ ಮಾತೇ ಬಾಯಿಂದ ಬಂತು: "ಬಂದೆ, ಇದೊಂದು ಕಾಗದ ಕೊಟ್ಟು ಬಂದೆ."

ಅವನು ಮುಟ್ಟುವಷ್ಟರಲ್ಲಿ ಮನೆ ಕುಸಿದಿತ್ತು. ಬೂದಿಯ ಮುಂದಿನಿಂದ ಅವನು ಎದ್ದು ಓಡತೊಡಗಿದ. ಆ ಓಟ ನಿಲ್ಲಲಿಲ್ಲ. ಓಡಿ ಓಡಿ ಕಾಲಿಗೆ ಮಿಂಚು ಬಂತು, ಅತ್ತ ಮುಖವನ್ನು ಮುಚ್ಚಿಕೊಳ್ಳಲು ಮುಸುಕು ಬಂತು. ಹೀಗೆ ಮೊದಲನೆಯ ಹಾಳೆ ಮುಗಿಯಿತು. ಮಿಂಚುಗಾಲ ಯಾಕೆ ಯಾವಾಗಲೂ ಓಡುತ್ತಾನೆ ಎಂಬುದು ಕ್ಷೌರಿಕನಿಗೆ ಈಗ ಗೊತ್ತಾಯಿತು. ಹೇಳೋಣವೆಂದರೆ ಕೇಳಿದವಳೇ ಇಲ್ಲ.

ನಡುವಿನ ಹಾಳೆಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು, ಅದೂ ಮಗಳ ದನಿಯಲ್ಲಿ. ಹೊಳೆಯಿಂದ ಒಂದು ಮಗುವನ್ನು ಎತ್ತಿದ. ಉರಿಯುವ ಗುಡಿಸಲಿನಿಂದ ಒಂದನ್ನು ತಂದ. ಎತ್ತಿದಾಗಲೆಲ್ಲ ಒಂದು ಕ್ಷಣ ಅದರ ಮುಖ ನೋಡುತ್ತಿದ್ದ. ಅವಳಲ್ಲ. ತಾಯಂದಿರು ಮಗುವನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಳ್ಳುತ್ತಿದ್ದರು. ಯಾರೂ ಅವನನ್ನು ಒಂದು ಲೋಟ ನೀರು ಬೇಕೇ ಎಂದು ಕೇಳಲಿಲ್ಲ. ಕೇಳಿದ್ದರೂ ಅವನಿಗೆ ನಿಲ್ಲಲು ಬರುತ್ತಿರಲಿಲ್ಲ, ಆ ಹೊತ್ತಿಗೆ ಮತ್ತೆಲ್ಲೋ ಇನ್ನೊಂದು ಕೂಗು ಕೇಳುತ್ತಿತ್ತು. ಊರವರ ಮಕ್ಕಳೆಲ್ಲ ಬದುಕಿದರು. ಅವನು ಯಾರಿಗೂ ತಡವಾಗಿ ಹೋಗಲಿಲ್ಲ, ತನ್ನವಳೊಬ್ಬಳಿಗೆ ಬಿಟ್ಟು.

ಆದರೂ ಒಂದು ಆಸೆ ಇಟ್ಟುಕೊಂಡಿದ್ದ. ಕೊನೆಯ ಹಾಳೆಯನ್ನೂ ತಾನೇ ಹರಿದಿದ್ದನಲ್ಲ, ಅದರಲ್ಲಿ ಏನಿದೆಯೋ ಗೊತ್ತಿರಲಿಲ್ಲ. ಕತೆಯ ಕೊನೆಗೆ ಕಳೆದವರು ಸಿಗಲೇಬೇಕು ಅಂದುಕೊಂಡು ಓಡಿದ. ಕೊನೆಯ ಹಾಳೆ ಬಂತು. ಅದರಲ್ಲಿ ಒಂದು ಮಗು ಬಾವಿಗೆ ಬಿದ್ದಿತ್ತು. ಎತ್ತಿದ, ತಾಯಿಗೆ ಕೊಟ್ಟ. ಅವಳು ಮಗುವನ್ನು ಕರೆದುಕೊಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಬೀದಿಯಲ್ಲಿ ಒಬ್ಬನೇ ನಿಂತಿದ್ದ. ಅಷ್ಟೇ, ಅದರ ಕೆಳಗೆ ಮುಗಿಯಿತು ಎಂದು ಬರೆದಿತ್ತು.

ಅಲ್ಲಿ ಬೈರಾಗಿ ನಿಂತಿದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಗಡ್ಡ ಹಾಗೆಯೇ. "ಇದು ಮುಗಿಯಿತು. ಇನ್ನೊಂದು ಬದುಕು ಬೇಕಾದರೆ ಕೇಳು, ಕೊಡುತ್ತೇನೆ" ಎಂದ.

ಕ್ಷೌರಿಕನಿಗೆ ಅಂಗಿಯ ಗುಂಡಿ ನೆನಪಾಯಿತು. ಬೆಲ್ಲ ನೆನಪಾಯಿತು, ಬಾಗಿಲಲ್ಲಿ ಬೀಸಿದ ಕೈ ನೆನಪಾಯಿತು. "ಇದನ್ನೇ ಮತ್ತೆ ಕೊಡಿ ಸ್ವಾಮೀ" ಎಂದ. ಆ ಮೂರು ಚಿತ್ರಗಳಿಗಾಗಿ ಬೆಂಕಿಯನ್ನೂ ಬೂದಿಯನ್ನೂ ಆ ಓಟವನ್ನೂ ಮತ್ತೆ ಬೇಡಿ ಪಡೆದ. ಅದು ಮುಗಿದ ಮೇಲೆ ಮತ್ತೆ ಅದನ್ನೇ ಕೇಳಿದ. ಈಗಲೂ ಓಡುತ್ತಲೇ ಇದ್ದಾನೆ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಕಣ್ಣುಗಳಲ್ಲಿ ನೀರು ತುಂಬಿತ್ತು. "ಅವನು ಕೇಳಿದ್ದರಲ್ಲಿ ತಪ್ಪೇನು ಬುದ್ಧೀ? ಯಾವ ಬದುಕನ್ನು ಕೇಳಿದ್ದರೂ ಮಗಳು ಉಳಿಯುತ್ತಿರಲಿಲ್ಲ. ಮೂರು ಚಿತ್ರಗಳಲ್ಲಾದರೂ ಸಿಕ್ಕಳಲ್ಲ. ಅದಕ್ಕಿಂತ ಹೆಚ್ಚಿನದು ಅವನಿಗೆ ಇನ್ನೆಲ್ಲಿ ಸಿಗುತ್ತಿತ್ತು?" ಎಂದ.

ಗುರುಗಳು ಪಕ್ಕದಲ್ಲಿಟ್ಟಿದ್ದ ಪುಸ್ತಕವನ್ನು ಕೈಗೆತ್ತಿಕೊಂಡು ಹೇಳಿದರು:

"ಮಗಳ ಜೊತೆ ಏಳು ವರ್ಷ ಬದುಕಿದವನೊಬ್ಬ ಆ ಅಂಗಡಿಯಲ್ಲೇ ಕತ್ತಿ ಹಿಡಿದು ನಿಂತಿದ್ದನಲ್ಲ, ಮಗೂ. ಅವನ ಬದುಕನ್ನು ಕೇಳಬಹುದಿತ್ತು."