ಎಡಕ್ಕೆ ಬಿದ್ದ ಹೂವು

"ಗುರುಗಳೇ, ಎಲ್ಲವೂ ಮೊದಲೇ ಬರೆದಿಟ್ಟದ್ದೋ, ಅಥವಾ ನಮ್ಮ ಕೈಯಲ್ಲೂ ಏನಾದರೂ ಇದೆಯೋ?"

ಮುರಿಗಯ್ಯ ಈ ಪ್ರಶ್ನೆಯನ್ನು ನಿನ್ನೆಯೂ ಕೇಳಿದ್ದ. ನಿನ್ನೆ ಗುರುಗಳು ತಲೆ ಎತ್ತದೆ, "ಎಲ್ಲ ಬರೆದದ್ದೇ, ಹೋಗು" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಅವನಿಗೆ ಬೇಕಾಗಿದ್ದ ಉತ್ತರವೂ ಅದೇ ಆಗಿತ್ತು. ಆದರೂ ಇಂದು ಬೆಳಗಿನ ಪೂಜೆ ಮುಗಿಯುವುದನ್ನೇ ಕಾದು ಮತ್ತೆ ಬಂದು ನಿಂತಿದ್ದ.

ಅವನ ತಲೆ ಕೊರೆಯುತ್ತಿದ್ದದ್ದು ಶಾಸ್ತ್ರವಲ್ಲ, ಅಡವಯ್ಯ. ಇಬ್ಬರೂ ಒಟ್ಟಿಗೆ ಮಠ ಸೇರಿದವರು, ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಮೊನ್ನೆ ಪಾಠದ ನಡುವೆ ವಾದ ಬಿಸಿಯೇರಿ ಮುರಿಗಯ್ಯ ಎಲ್ಲರ ಎದುರಿಗೆ, "ನೀನು ಇಲ್ಲಿಗೆ ಬಂದದ್ದು ಅನ್ನಕ್ಕೆ, ಅರಿವಿಗಲ್ಲ" ಎಂದುಬಿಟ್ಟಿದ್ದ. ಅಡವಯ್ಯ ಆಗಲೇ ಮಠ ಬಿಟ್ಟು ನಡೆದ. ಈಗ ಪಕ್ಕದೂರಿನ ಚಾವಡಿಯಲ್ಲಿದ್ದಾನೆ, ಇಂದು ಮಧ್ಯಾಹ್ನ ಯಾತ್ರೆಯವರ ಜೊತೆ ಹೊರಡುತ್ತಾನೆ, ಹೊರಟರೆ ಮತ್ತೆ ಈ ಕಡೆ ಮುಖ ಹಾಕುವವನಲ್ಲ ಎಂದು ಸುದ್ದಿ ಬಂದಿತ್ತು.

"ಎಸೆದ ಕಲ್ಲು ಎಲ್ಲಿ ಬೀಳಬೇಕೆಂಬುದು ಕೈ ಬಿಟ್ಟ ಗಳಿಗೆಯಲ್ಲೇ ನಿಶ್ಚಯ" ಎಂದ ಮುರಿಗಯ್ಯ. "ಮನುಷ್ಯನೂ ಹಾಗೆಯೇ ಅಲ್ಲವೇ? ಹಿಂದಿನ ಕರ್ಮ ಎಸೆಯಿತು, ನಾವು ಬೀಳುತ್ತಿದ್ದೇವೆ. ಆ ಮಾತು ನನ್ನ ಬಾಯಿಂದ ಬರಬೇಕೆಂದಿತ್ತು, ಬಂತು. ಅವನು ಹೋಗಬೇಕೆಂದಿತ್ತು, ಹೋದ. ಇದರಲ್ಲಿ ನಾನು ಮಾಡುವುದೇನಿದೆ?"

"ಕೂತುಕೋ" ಎಂದರು ಗುರುಗಳು. ಅವನು ಕೂತ ಮೇಲೆ ಕತೆ ಶುರುಮಾಡಿದರು.

ಒಂದು ಊರು. ಆ ಊರಿನವರಿಗೆ ದೇವಿಯ ಹತ್ತಿರ ಹೂವು ಕೇಳುವ ರೂಢಿ. ಪೂಜಾರಿ ದೇವಿಯ ಎರಡು ಭುಜಗಳಿಗೂ ಒಂದೊಂದು ಹೂವನ್ನು ನೀರು ಹಚ್ಚಿ ಅಂಟಿಸುತ್ತಾನೆ. ಕೇಳಲು ಬಂದವನು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿ ಕೈ ಮುಗಿದು ಕೂರುತ್ತಾನೆ. ಬಲಗಡೆಯ ಹೂವು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಬೇರೆ ಊರುಗಳಲ್ಲೂ ಇದು ಉಂಟು. ಆದರೆ ಈ ಊರಿನವರಿಗೆ ಎಮ್ಮೆ ಕೊಳ್ಳುವುದಕ್ಕೂ ಹೂವು ಬೇಕು, ಮಾರುವುದಕ್ಕೂ ಹೂವು ಬೇಕು. ಹಲ್ಲು ನೋವು ಬಂದರೆ ಕೀಳಿಸಬೇಕೋ ಬೇಡವೋ ಎಂದು ಊದಿದ ಕೆನ್ನೆ ಹಿಡಿದುಕೊಂಡು ಗುಡಿಯಲ್ಲಿ ಕೂರುತ್ತಿದ್ದರು. ಕೆಲಸ ಕೆಟ್ಟರೆ ದೇವಿಯ ಇಚ್ಛೆ, ಕೈಗೂಡಿದರೂ ದೇವಿಯ ಇಚ್ಛೆ. ಯಾರ ತಲೆಯ ಮೇಲೂ ಭಾರವಿಲ್ಲದೆ ಊರು ಆರಾಮವಾಗಿತ್ತು.

ಅಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ತಂಗಿ, ಪಕ್ಕದೂರಿಗೆ ಕೊಟ್ಟವಳು. ತಂಗಿಯ ಮಗಳು ತೊಟ್ಟಿಲಲ್ಲಿದ್ದಾಗಿನಿಂದ ರೈತ ಅವಳನ್ನು ತನ್ನ ಸೊಸೆ ಎಂದೇ ಕರೆಯುತ್ತಿದ್ದ. ಮಗನಿಗೆ ತಂದುಕೊಳ್ಳಬೇಕೆಂದು ಅವನ ಆಸೆ. ಹುಡುಗಿ ದೊಡ್ಡವಳಾಗಿ, ಒಲ್ಲೆ ಎಂದಳು. ತಂಗಿ ಮಗಳ ಮಾತು ಕೇಳಿ ಬೇರೆ ಕಡೆ ಸಂಬಂಧ ಗೊತ್ತುಮಾಡಿದಳು. ರೈತ ಉರಿದುಬಿದ್ದ. ಇನ್ನು ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ನಾಲ್ಕು ಜನರ ಮುಂದೆ ಆಣೆ ಹಾಕಿ ಬಂದ. ಎಮ್ಮೆಗೂ ಹೂವು ಕೇಳುವವನಿಗೆ ಆಣೆ ಹಾಕುವಾಗ ಮಾತ್ರ ಹೂವಿನ ನೆನಪಾಗಲಿಲ್ಲ. ಸಿಟ್ಟು ಯಾರ ಅಪ್ಪಣೆಗೂ ಕಾಯುವುದಿಲ್ಲ ನೋಡು.

ಮದುವೆ ಹತ್ತಿರ ಬಂತು. ಅವರಲ್ಲಿ ಮದುಮಗಳನ್ನು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಬೇರೆ ಯಾರು ಕರೆತಂದರೂ ನಡೆಯುವುದಿಲ್ಲ. ತಂಗಿ ತಾನೇ ಅಕ್ಷತೆ ಹಿಡಿದು ಬಂದು ಅಣ್ಣನ ಅಂಗಳದಲ್ಲಿ ನಿಂತಳು.

"ಅಣ್ಣಾ, ನೀ ಬರಲಿಲ್ಲ ಅಂದ್ರ ನನ್ನ ಮಗಳನ್ನ ಹಸಿಗೆ ಕರಕೊಂಡು ಬರೋರು ಯಾರೂ ಇಲ್ಲ. ತವರಿಲ್ಲದಾಕಿ ಅಂತ ಮಂದಿ ಆಡಿಕೋತಾರ."

ರೈತ ಮುಖ ತಿರುಗಿಸಿ ಕೂತ. ಅವಳು ಅಕ್ಷತೆಯನ್ನು ಕಟ್ಟೆಯ ಮೇಲಿಟ್ಟು ಕಣ್ಣೊರೆಸಿಕೊಂಡು ಹೋದಳು.

ಮದುವೆಯ ದಿನ ಬೆಳಗ್ಗೆ ರೈತ ಮಿಂದು, ಪೆಟ್ಟಿಗೆಯಿಂದ ಜರಿ ರುಮಾಲು ತೆಗೆದು ಸುತ್ತಿಕೊಂಡ. ಎಲ್ಲಿಗೆ ಎಂದು ಹೆಂಡತಿ ಕೇಳಿದಳು.

"ಗುಡಿಗೆ. ಮದುವಿಗೆ ಹೋಗಬೇಕೋ ಬ್ಯಾಡೋ, ತಾಯೀನ ಕೇಳತೀನಿ. ಆಕಿ ಹೇಳಿದಂಗ."

"ಹೂವು ಕೇಳಾಕ ಜರಿ ರುಮಾಲು ಯಾಕ?"

ರೈತ ಕೇಳಿಸಿಯೂ ಕೇಳಿಸದವನಂತೆ ನಡೆದ.

ಪೂಜಾರಿ ಹೂವು ಇಟ್ಟ. ಎಡಗಡೆಯದು ಬಿತ್ತು. "ತಾಯಿ ಬ್ಯಾಡ ಅಂದಳು" ಎಂದ ಪೂಜಾರಿ. ರೈತನಿಗೆ ಸಂತೋಷವಾಗಬೇಕಿತ್ತು. ಅವನ ಆಣೆಗೆ ದೇವಿಯೇ ಒಪ್ಪಿಗೆ ಕೊಟ್ಟಂತಾಗಿತ್ತು. ಎದ್ದು ಕೈ ಮುಗಿದು ಹೊಲಕ್ಕೆ ಹೋಗಬಹುದಿತ್ತು. ಆದರೆ ಅವನು ಏಳಲಿಲ್ಲ.

"ಬಲಗಡಿ ಹೂವಿಗೆ ನೀರು ಜಾಸ್ತಿ ಆತು ಪೂಜಾರಪ್ಪ. ಇನ್ನೊಮ್ಮೆ ಇಡು" ಎಂದ.

ಪೂಜಾರಿ ಇನ್ನೊಮ್ಮೆ ಇಟ್ಟ. ಮತ್ತೆ ಎಡಗಡೆಯದೇ ಬಿತ್ತು. ಈ ಸಲ ರೈತ ಬಾಗಿಲ ಕಡೆಯಿಂದ ಬಂದ ಗಾಳಿಯನ್ನು ಬೈದ. ತಾನೇ ಹೋಗಿ ಬಾಗಿಲು ಮುಚ್ಚಿ ಬಂದ. ಹುಟ್ಟಿದಾಗಿನಿಂದ ಅವನು ದೇವಿಗೆ ಎದುರಾಡಿದವನಲ್ಲ. ಆವತ್ತು ಗಾಳಿಯ ನೆಪ, ನೀರಿನ ನೆಪ ಹೇಳಿ ಅವಳ ಜೊತೆ ಚೌಕಾಸಿಗೆ ಕೂತಿದ್ದ. ಅದು ಅವನಿಗೇ ಗೊತ್ತಾಗಲಿಲ್ಲ.

ಪೂಜಾರಿ ಗೊಣಗುತ್ತಾ ಮತ್ತೊಮ್ಮೆ ಹೂವು ಇಟ್ಟ. ಈಗ ಯಾವುದೂ ಬೀಳಲಿಲ್ಲ. ರೈತ ಕಣ್ಣು ಮಿಟುಕಿಸದೆ ನೋಡುತ್ತಾ ಕೂತ. ಎರಡೂ ಹೂವು ಅಂಟಿಕೊಂಡೇ ಇದ್ದವು. ಅಷ್ಟರಲ್ಲಿ ಹೊಲಗಳಾಚೆ ತಂಗಿಯ ಊರಿನಲ್ಲಿ ವಾಲಗ ಶುರುವಾದದ್ದು ಮುಚ್ಚಿದ ಬಾಗಿಲಿನೊಳಗೂ ಕೇಳಿಸಿತು. ಮುಹೂರ್ತದ ವಾಲಗ. ಬಾಸಿಂಗ ಕಟ್ಟಿಕೊಂಡು ಒಳಮನೆಯ ಬಾಗಿಲಲ್ಲಿ ನಿಂತು, ಮಾವ ಬರುತ್ತಾನೆಂದು ದಾರಿ ನೋಡುತ್ತಿರುವ ಹುಡುಗಿ ಅವನ ಕಣ್ಣಿಗೆ ಕಟ್ಟಿದಳು. ಅವಳಿಗೆ ನಡೆಯಲು ಕಲಿಸಿದವನೂ ಅವನೇ. ರೈತನಿಗೆ ಸಂಕಟ ತಡೆಯಲಾಗಲಿಲ್ಲ. ಎದ್ದು ಬಾಗಿಲು ತೆರೆದ.

"ಏ, ನಿಂದ್ರು! ಹೂವು ಇನ್ನೂ ಬಿದ್ದಿಲ್ಲ!" ಎಂದು ಪೂಜಾರಿ ಕೂಗಿದ.

"ಬೀಳತದ ಬಿಡು!" ಎಂದವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಬದುವಿನ ಮೇಲೆ ಓಡಿದ.

ಚಪ್ಪರದಲ್ಲಿ ಜನ ಗುಸುಗುಸು ಶುರುಮಾಡಿದ್ದರು. ಬೀಗರು ಮುಖ ಗಂಟಿಕ್ಕಿದ್ದರು. ರೈತ ಬೆವರು ಸುರಿಸುತ್ತಾ ನೇರ ಒಳಗೆ ಹೋದ. ಹುಡುಗಿಯ ಕೈ ಹಿಡಿದು ಕರೆತಂದು ಹಸೆಮಣೆಯ ಮೇಲೆ ಕೂರಿಸಿದ. ಎಲ್ಲ ಮುಗಿದ ಮೇಲೆ ತಂಗಿ ಅವನ ತೋಳು ಹಿಡಿದು ಅತ್ತಳು. ಅವನಿಗೂ ಅಳು ಬಂತು. ಆದರೆ ಗಂಡಸು, ಆಣೆ ಹಾಕಿದವನು. ಮೀಸೆ ಒರೆಸಿಕೊಂಡು, "ನಾ ಬರತಿರಲಿಲ್ಲ. ತಾಯಿ ಅಪ್ಪಣೆ ಕೊಟ್ಟಳು, ಅದಕ್ಕ ಬಂದೆ" ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರಿಗಯ್ಯನಿಗೆ ತಡೆಯಲಾಗಲಿಲ್ಲ.

"ಆ ಕೊನೆಯ ಹೂವು ಯಾವ ಕಡೆ ಬಿತ್ತು?"

"ಪೂಜಾರಿಗೆ ಗೊತ್ತಿರಬೇಕು. ರೈತ ಕೇಳಲು ಹೋಗಲಿಲ್ಲ."

ಮುರಿಗಯ್ಯ ಪಾಠದಲ್ಲಿ ಚುರುಕು. ಅಷ್ಟಕ್ಕೆ ಬಿಡುವವನಲ್ಲ. "ಆದರೆ ಗುರುಗಳೇ, ಎಡಕ್ಕೆ ಬಿದ್ದಾಗ ಮತ್ತೆ ಕೇಳಬೇಕು, ವಾಲಗ ಕೇಳಿ ಎದ್ದು ಓಡಬೇಕು ಎಂಬುದೂ ಅವನ ಹಣೆಯಲ್ಲಿ ಬರೆದಿತ್ತು ಎನ್ನಬಹುದಲ್ಲ?"

"ಧಾರಾಳವಾಗಿ ಅನ್ನಬಹುದು. ಅವನೂ ಹಾಗೆಯೇ ಅಂದ, ಹೋಗಿ ಬಂದ ಮೇಲೆ."

ಮುರಿಗಯ್ಯನಿಗೆ ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಹೊರಗೆ ಬಿಸಿಲು ಏರುತ್ತಿತ್ತು. ಮಧ್ಯಾಹ್ನಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಅವನು ಮತ್ತೊಂದು ವಾದ ಹುಡುಕುತ್ತಾ ಬಾಯಿ ತೆರೆದ. ಗುರುಗಳು ಕೈ ಎತ್ತಿ ತಡೆದರು.

"ಎಲ್ಲ ಬರೆದದ್ದೇ ಎಂದು ನಿನ್ನೆಯೇ ಹೇಳಿದ್ದೆನಲ್ಲ ಮುರಿಗಯ್ಯ, ಇವತ್ತು ಮತ್ತೆ ಕೇಳಲು ಯಾಕೆ ಬಂದೆ?"